ಬೆರಳಚ್ಚುಗಾರ್ತಿ ಸೇರಿಸಿದ ವಾಕ್ಯ

ಇತಿಹಾಸ ವಿಭಾಗದ ಮುಖ್ಯಸ್ಥರ ಕೈಬರಹ ಅವರ ಹೆಂಡತಿಗೂ ಅರ್ಥವಾಗುತ್ತಿರಲಿಲ್ಲ. ಅದನ್ನು ಓದಬಲ್ಲವಳು ವಿಭಾಗದ ಬೆರಳಚ್ಚುಗಾರ್ತಿ ಒಬ್ಬಳೇ. ಇಪ್ಪತ್ತೆರಡು ವರ್ಷಗಳಿಂದ ಅವರ ಕಾಗುಣಿತ ತಿದ್ದುವುದು, ಅರ್ಧಕ್ಕೆ ನಿಂತ ವಾಕ್ಯಕ್ಕೆ ಕ್ರಿಯಾಪದ ಹುಡುಕಿ ಕೊಡುವುದು, ಒಂದೇ ಮಾತು ಮೂರು ಸಲ ಬಂದರೆ ಎರಡನ್ನು ಸದ್ದಿಲ್ಲದೆ ತೆಗೆಯುವುದು ಎಲ್ಲ ಅವಳೇ. ಅಚ್ಚಾಗಿ ಬಂದದ್ದನ್ನು ಓದಿ ಮುಖ್ಯಸ್ಥರು, "ಪರವಾಗಿಲ್ಲ, ಚೆನ್ನಾಗೇ ಬರೀತೀನಿ" ಎಂದು ತಮಗೆ ತಾವೇ ತಲೆದೂಗುತ್ತಿದ್ದರು.

ಆ ವರ್ಷ ವಿಭಾಗವು ‘ಬಂಡವಾಳ ಮತ್ತು ದುಡಿಮೆ’ ಎಂಬ ಮೂರು ದಿನಗಳ ವಿಚಾರಸಂಕಿರಣ ಇಟ್ಟುಕೊಂಡಿತು. ಎಂಟು ಗಂಟೆ ಕೆಲಸಕ್ಕಾಗಿ ನಡೆದ ಹೋರಾಟಗಳ ಬಗ್ಗೆಯೇ ಒಂದು ಗೋಷ್ಠಿ ಇತ್ತು. ಅದರ ತಯಾರಿಗೆ ಬೆರಳಚ್ಚುಗಾರ್ತಿ ಎರಡು ವಾರ ದಿನಕ್ಕೆ ಹನ್ನೊಂದು ಗಂಟೆ ಕೂತಳು.

ಮುಖ್ಯಸ್ಥರ ಪ್ರಬಂಧ ಅವಳ ಕೈಗೆ ಬಂದದ್ದು ಕೊನೆಗೆ. ಊರಾಚೆ ಒಂದು ಕಾಲಕ್ಕೆ ನಡೆಯುತ್ತಿದ್ದ ಬೆಂಕಿಪೊಟ್ಟಣದ ಕಾರ್ಖಾನೆಯ ಬಗ್ಗೆ ಅವರು ಬರೆದಿದ್ದರು. ಏಳನೆಯ ಪುಟದಲ್ಲಿ ಅವಳ ಬೆರಳು ನಿಂತಿತು. "ಇಲ್ಲಿನ ಹೆಂಗಸರು ದಿನವಿಡೀ ಹಾಡುತ್ತಿದ್ದರು. ಇದು ದುಡಿಮೆಯ ಆನಂದ ಸಹಜವಾಗಿ ಉಕ್ಕಿದ್ದು" ಎಂದಿತ್ತು.

ಅವಳ ಅಮ್ಮ ಆ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಕಡ್ಡಿ ತುಂಬಿದವಳು. ಬೆರಳಚ್ಚುಗಾರ್ತಿ ಆ ಆನಂದವನ್ನು ಅಳಿಸಿ ಹೀಗೆ ಹೊಡೆದಳು: "ಹಾಡು ಅವರ ಇಷ್ಟವಲ್ಲ, ಮೇಸ್ತ್ರಿಯ ಅಪ್ಪಣೆ. ಬಾಯಿ ಹಾಡಿನಲ್ಲಿದ್ದರೆ ಹೆಂಗಸರು ತಮ್ಮತಮ್ಮಲ್ಲಿ ಮಾತಾಡಲಾರರು ಎಂದು ಆಡಳಿತ ಎಣಿಸಿತ್ತು. ಅವರು ಹಾಡಿನ ಪದಗಳನ್ನೇ ಬದಲಿಸಿ ಮಾತಾಡಿಕೊಂಡರು."

ಬದಲಿಸಿದ್ದನ್ನು ಮುಖ್ಯಸ್ಥರಿಗೆ ಹೇಳಲು ಮರೆತಳು ಎಂದರೆ ಸುಳ್ಳಾದೀತು. ಹೇಳಲೆಂದು ಎರಡು ಸಲ ಅವರ ಕೋಣೆಗೆ ಹೋದಳು. ಎರಡು ಸಲವೂ ಅವರು ತಲೆಯೆತ್ತದೆ, "ಮೈಕಿನವನು ಬಂದನಾ?" ಎಂದರು. ಮೂರನೆಯ ಸಲ ಹೋಗಲಿಲ್ಲ.

ಎರಡನೆಯ ದಿನ ಮುಖ್ಯಸ್ಥರು ಪ್ರಬಂಧ ಓದಿದರು. ಏಳನೆಯ ಪುಟಕ್ಕೆ ಬಂದಾಗ, ತಮ್ಮದೇ ಮನೆಯಲ್ಲಿ ಒಂದು ಮೆಟ್ಟಿಲು ಹೆಚ್ಚಿಗೆ ಸಿಕ್ಕವರಂತೆ ಅರೆಕ್ಷಣ ತಡವರಿಸಿ, ಓದಿಬಿಟ್ಟರು. ತೂಕಡಿಸುತ್ತಿದ್ದವರು ಕಣ್ಣುಬಿಟ್ಟರು. ಚಪ್ಪಾಳೆ ಬಿತ್ತು. ದೂರದಿಂದ ಅತಿಥಿಯಾಗಿ ಬಂದಿದ್ದ ಹಿರಿಯ ಪ್ರಾಧ್ಯಾಪಕಿ ಎದ್ದು ನಿಂತರು.

"ನಲವತ್ತು ವರ್ಷದಿಂದ ಇದೇ ವಿಷಯ ಓದ್ತಿದೀನಿ. ಈ ಮಾತು ಎಲ್ಲೂ ನೋಡಿಲ್ಲ. ಆಧಾರ ಏನು?"

ಮುಖ್ಯಸ್ಥರು ನೀರು ಕುಡಿದರು. "ಅದು... ಮೌಖಿಕ ಆಧಾರ. ಕ್ಷೇತ್ರಕಾರ್ಯ."

"ಹೇಳಿದವರು ಇದಾರಾ?"

ಅವರ ಕಣ್ಣು ಸಭೆಯೆಲ್ಲ ಸುತ್ತಿ ಹಿಂದಿನ ಸಾಲಿನಲ್ಲಿ ಹೆಚ್ಚುವರಿ ಪ್ರತಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳ ಮೇಲೆ ನಿಂತಿತು. ಅವಳು ಹೌದೆಂದು ತಲೆಯಾಡಿಸಿದಳು.

"ಇದಾರೆ."

"ಹಾಗಾದ್ರೆ ನಾಳೆ ಕರ್ಕೊಂಡು ಬನ್ನಿ."

ಗೋಷ್ಠಿ ಮುಗಿದದ್ದೇ ಮುಖ್ಯಸ್ಥರು ಅವಳನ್ನು ಮೊಗಸಾಲೆಯ ಕಂಬದ ಹಿಂದೆ ಹಿಡಿದರು. "ಯಾರನ್ನ ಕೇಳಿ ಬರೆದೆ?"

"ಅಮ್ಮನ್ನ ಕೇಳಿ, ಸರ್."

"ನನ್ನ ಕೇಳ್ಬೇಕಿತ್ತು!"

"ನೀವು ಆ ಕಾರ್ಖಾನೇಲಿ ಇರ್ಲಿಲ್ವಲ್ಲ ಸರ್."

ಮುಖ್ಯಸ್ಥರು ಕಂಬದಾಚೆ ಯಾರಾದರೂ ಇದ್ದಾರಾ ಎಂದು ಇಣುಕಿದರು. ಆಮೇಲೆ ದನಿ ಬೆಣ್ಣೆಯಾಯಿತು. "ನೋಡಮ್ಮ, ನಿಮ್ಮ ತಾಯೀನ ನಾಳೆ ಕರ್ಕೊಂಡು ಬಾ. ನಾನೇ ಮೊದಲು ಹೋಗಿ ಮಾತಾಡಿಸಿದ್ದೆ ಅಂತ ಒಂದು ಮಾತು ಹೇಳಿದ್ರೆ..."

"ಅದನ್ನ ನೀವೇ ಕೇಳಿ ಸರ್. ಅಮ್ಮನಿಗೆ ಸುಳ್ಳು ಹೇಳೋಕೆ ಬರಲ್ಲ ಅಂತಲ್ಲ. ಬೇರೆಯವರ ಸುಳ್ಳು ನೆನಪಿರಲ್ಲ."

ಅಮ್ಮನಿಗೆ ಎಪ್ಪತ್ತಾರು. ವಿಷಯ ಕೇಳಿದಾಗ ದಿಂಬಿನ ಹರಿದ ಹೊದಿಕೆಗೆ ತೇಪೆ ಹಾಕುತ್ತಿದ್ದಳು.

"ಹೋಗೋದು ಹೇಗೆ?"

"ಬಸ್ಸಿದೆಯಲ್ಲಮ್ಮ."

"ಅವರಿಗೆ ಕಾರಿಲ್ವೇನೇ?"

"ಇದೆ."

"ಹಾಗಾದ್ರೆ ಕಾರು ಬರ್ಲಿ. ಬೆನ್ನಿಗೆ ಆನಿಕೆ ಇರೋ ಕುರ್ಚಿ ಬೇಕು. ಆಮೇಲೆ ನೀನು ಹಿಂದಿನ ಸಾಲಲ್ಲಲ್ಲ, ನನ್ನ ಪಕ್ಕ ವೇದಿಕೆ ಮೇಲೆ ಕೂರ್ಬೇಕು. ಈಗ್ಲೇ ಫೋನ್ ಮಾಡು. ಬಾಗಿಲು ದಾಟಿ ಒಳಗೆ ಹೋದ ಮೇಲೆ ಕೇಳಿದ್ರೆ ಯಾರೂ ಕೊಡಲ್ಲ ಕಣೇ."

ದುಡಿಮೆಗಾರರ ಬೇಡಿಕೆಗಳ ಬಗ್ಗೆ ಎರಡು ಪುಸ್ತಕ ಬರೆದಿದ್ದ ಮುಖ್ಯಸ್ಥರು ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ಮೂರು ಬೇಡಿಕೆಗಳನ್ನು ಒಟ್ಟಿಗೆ ಒಪ್ಪಿದರು.

ಮರುದಿನ ಸಭಾಂಗಣ ತುಂಬಿತ್ತು. "ನಾನು ಈ ತಾಯಿಯನ್ನು ಮೊದಲು ಭೇಟಿಯಾದಾಗ..." ಎಂದು ಮುಖ್ಯಸ್ಥರು ಶುರುಮಾಡಿದರು.

"ಇವತ್ತು ಬೆಳಿಗ್ಗೆ," ಅಂದಳು ಅಮ್ಮ, ಮೈಕಿಗೆ ಬಾಯಿಟ್ಟು. "ಕಾರಲ್ಲಿ. ಒಳ್ಳೇವ್ರು, ನಿಧಾನವಾಗಿ ಓಡಿಸ್ತಾರೆ."

ನಗು ಅಡಗಿದ ಮೇಲೆ ಅವಳು ಹೇಳಿದಳು: "ಅರವತ್ತು ಜನ ಹೆಂಗಸ್ರು, ಒಂದೇ ಕೊಠಡಿ. ಹೂವು ಬಾಡಿತು ಅಂತ ಹಾಡಿದ್ರೆ ಯಾರಿಗೋ ಕೈ ಸುಟ್ಟಿದೆ ಅಂತ. ಮಾವ ಬಂದ ಅಂದ್ರೆ ಯಜಮಾನ ಬಂದಿದಾನೆ ಅಂತ. ಬಾಗಿಲಿಗೆ ಹೊರಗಿಂದ ಚಿಲಕ ಹಾಕ್ತಿದ್ರು. ಬೆಂಕಿ ಕಡ್ಡಿ ಮಾಡೋ ಜಾಗ, ಯೋಚನೆ ಮಾಡಿ! ಚಿಲಕ ತೆಗೀರಿ ಅಂತ ಎಷ್ಟು ಕೇಳಿದ್ರೂ ಕೇಳಲಿಲ್ಲ. ಒಂದು ಸೋಮವಾರ ಎಲ್ರೂ ಹಾಡೋದು ನಿಲ್ಲಿಸಿದ್ವಿ. ಕೈ ನಿಲ್ಲಿಸ್ಲಿಲ್ಲ, ಬಾಯಿ ಮಾತ್ರ. ಕೆಲಸ ನಡೀತಿದೆ, ಬೈಯೋಕೆ ಕಾರಣ ಇಲ್ಲ. ಮೇಸ್ತ್ರಿಗೆ ಹುಚ್ಚು ಹಿಡಿದಂಗಾಯ್ತು. ಹಾಡ್ರಮ್ಮ, ಹಾಡ್ರಮ್ಮ ಅಂತ ಅಂಗಲಾಚಿದ. ಮೂರನೇ ದಿನ ತಾನೇ ಹಾಡೋಕೆ ಶುರುಮಾಡಿದ. ಅಯ್ಯೋ, ಆ ಅಪಸ್ವರ! ನಗು ತಡೆಯೋದೇ ನಮಗೆ ದೊಡ್ಡ ಮುಷ್ಕರ ಆಯ್ತು. ನಾಲ್ಕನೇ ದಿನ ಚಿಲಕ ತೆಗೆದ್ರು."

ಸಂಶೋಧಕನೊಬ್ಬ ಫೋನು ಎತ್ತಿ ಹಿಡಿದು, "ಅಮ್ಮಾ, ಆ ಹಾಡಿನ ಎರಡು ಸಾಲು ಹಾಡಿ" ಎಂದ.

"ಇಲ್ಲಪ್ಪ. ಹಾಡು ಅಂದವರ ಮುಂದೆ ಹತ್ತೊಂಬತ್ತು ವರ್ಷ ಹಾಡಿದೀನಿ."

ಅತಿಥಿ ಪ್ರಾಧ್ಯಾಪಕಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. "ನಿನ್ನೆ ಓದಿದ ಆ ವಾಕ್ಯ ಬರೆದೋರು ಯಾರಮ್ಮ?" ಎಂದರು. ಅಮ್ಮ ಪಕ್ಕದಲ್ಲಿದ್ದ ಮಗಳ ಬೆನ್ನು ತಟ್ಟಿದಳು. ಮಗಳ ಕಿವಿ ಕೆಂಪಾದವು. ಮುಖ್ಯಸ್ಥರು ಫೋಟೋಕ್ಕೆ ನಿಂತವರಂತೆ ನಗುತ್ತಲೇ ಇದ್ದರು.

ಎರಡು ತಿಂಗಳಾಗುವಷ್ಟರಲ್ಲಿ ವಿಭಾಗದಲ್ಲಿ ‘ಮೌಖಿಕ ಇತಿಹಾಸ ಯೋಜನೆ’ ಹುಟ್ಟಿತು. ನಿರ್ದೇಶಕರು ಮುಖ್ಯಸ್ಥರೇ. ಹಳೆಯ ಕೆಲಸಗಾರ್ತಿಯರ ಮಾತನ್ನೆಲ್ಲ ಬೆರಳಚ್ಚುಗಾರ್ತಿ ಕಚೇರಿ ವೇಳೆಯ ನಂತರ ಸೇವಾಭಾವದಿಂದ ಬರೆದಿಳಿಸತಕ್ಕದ್ದು ಎಂದು ಆದೇಶ ಬಂತು. ಅವಳು ಅದನ್ನು ಅವರ ಮೇಜಿನ ಮೇಲೆ ವಾಪಸ್ಸು ಇಟ್ಟಳು.

"ನಿನಗೂ ಇದರಲ್ಲಿ ಆಸಕ್ತಿ ಇದೆ ಅಂದ್ಕೊಂಡಿದ್ದೆ," ಎಂದರು ಅವರು, ನೊಂದವರಂತೆ.

"ಇದೆ ಸರ್. ಅದಕ್ಕೇ ಹಗಲು ಹೊತ್ತಲ್ಲೇ ಮಾಡ್ತೀನಿ. ಪುಸ್ತಕ ಆದ್ರೆ ನನ್ನ ಹೆಸರೂ ಇರ್ಬೇಕು."

ಮೇಲಿನವರನ್ನು ಕೇಳಬೇಕು ಎಂದರು. ಆದರೆ ಪುಸ್ತಕ ಯಾವಾಗ ಎಂದು ಕೇಳಿ ಇಬ್ಬರ ಹೆಸರಿಗೂ ಅತಿಥಿ ಪ್ರಾಧ್ಯಾಪಕಿಯ ಪತ್ರ ಆಗಲೇ ಬಂದಿತ್ತು. ತಿದ್ದಿದ ಆದೇಶಕ್ಕೆ ಮುಖ್ಯಸ್ಥರು ಸಹಿ ಹಾಕಿದರು.

ಮೊದಲ ಸಂದರ್ಶನ ಅಮ್ಮನ ಹಳೆಯ ಜೊತೆಗಾರ್ತಿಯ ಮನೆಯಲ್ಲಿ. ಮುಖ್ಯಸ್ಥರು ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡು ತಾಯಿ ಮಗಳ ಜೊತೆಗೆ ಹೊರಟರು. ಆ ಮನೆಯ ಮುದುಕಿ ಅವರನ್ನು ಮೇಲಿಂದ ಕೆಳಗೆ ನೋಡಿ, "ಗಂಡಸರ ಮುಂದೆ ಆ ಮೇಸ್ತ್ರಿ ಸುದ್ದಿ ಹೇಳೋಕಾಗಲ್ಲ" ಎಂದು ಬಾಗಿಲು ಮುಂದೆ ಮಾಡಿದಳು. ಒಳಗೆ ಮೂವರು ಹೆಂಗಸರು ಎರಡು ಗಂಟೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಮ್ಮೆ ಅತ್ತರು ಕೂಡ. ಮುಖ್ಯಸ್ಥರು ಹೊರಗಿನ ಕಟ್ಟೆಯ ಮೇಲೆ ಕೂತು, ಆ ಮನೆಯ ಬೆಕ್ಕಿನ ಹನ್ನೊಂದು ಫೋಟೋ ತೆಗೆದರು.

ವಾರ್ಷಿಕ ವರದಿಗೆ ಅವರು ಕೊಟ್ಟ ಹಾಳೆಯಲ್ಲಿ, "ನಿರ್ದೇಶಕರು ಕ್ಷೇತ್ರದಲ್ಲಿ ಖುದ್ದಾಗಿ ಹಾಜರಿದ್ದರು" ಎಂದಿತ್ತು. ಬೆರಳಚ್ಚುಗಾರ್ತಿ ಎರಡು ಸಲ ಓದಿದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಇದ್ದ ಹಾಗೆಯೇ ಹೊಡೆದು, ಐದು ಗಂಟೆಗೆ ಕಂಪ್ಯೂಟರ್ ಆರಿಸಿ ಮನೆಗೆ ಹೋದಳು.