ಪಬ್ಬಿನಲ್ಲಿ ಬ್ರೇಕ್ ಡ್ರಮ್

ಪಟಾಕಿ ಆ ಸಂಜೆ ಪಬ್ಬಿಗೆ ಹೊರಟದ್ದು ಕುಡಿಯುವುದಕ್ಕಲ್ಲ, ಹಾಡು ಕೇಳುವುದಕ್ಕೂ ಅಲ್ಲ. ತನ್ನ ಬ್ರೇಕ್ ಡ್ರಮ್ಮನ್ನು ಬಿಚ್ಚಿಕೊಂಡು ಬರುವುದಕ್ಕೆ. ಸ್ಪ್ಯಾನರ್ ಎಂದಿನಂತೆ ಅವನ ಜೇಬಿನಲ್ಲಿತ್ತು, ಚೀಲ ಅಕ್ಕನ ಕೈಯಲ್ಲಿತ್ತು.

ಪಟಾಕಿ ಅನ್ನುವುದು ಗ್ಯಾರೇಜಿನವರು ಇಟ್ಟ ಹೆಸರು. ಬೇರೆಯವರಿಗೆ ಸಿಟ್ಟು ಮೂಗಿನ ತುದಿಯಲ್ಲಿದ್ದರೆ ಇವನದು ಮೂಗಿಗಿಂತ ಮೊದಲೇ ಬಾಗಿಲು ದಾಟಿ ಒಳಗೆ ಬರುತ್ತಿತ್ತು. ಮೇಷ್ಟರ ಜೊತೆ ಜಗಳವಾಡಿ ಶಾಲೆ ಬಿಟ್ಟವನು ವ್ಯಾನುಗಳ ಹೊಟ್ಟೆಯ ಕೆಳಗೆ ಮಲಗಿಯೇ ಬೆಳೆದ. ಒಂದು ದಿನ ಗುಜರಿಗೆ ಎಸೆಯಲಿದ್ದ ಬ್ರೇಕ್ ಡ್ರಮ್ಮಿಗೆ, ಅಂದರೆ ಚಕ್ರದೊಳಗೆ ಕೂರುವ ಆ ಕಬ್ಬಿಣದ ಬೋಗುಣಿಗೆ, ಅವನ ಸುತ್ತಿಗೆ ತಗುಲಿತು. ಅದು ಮೊಳಗಿದ ರೀತಿಗೆ ಇಡೀ ಗ್ಯಾರೇಜು ತಲೆ ಎತ್ತಿತು. ಅವನು ತುಕ್ಕು ಉಜ್ಜಿ, ಅಂಚು ಮಸೆದು, ಸರಪಳಿಯಿಂದ ತೂಗುಹಾಕಿ ಗೆಳೆಯರ ರಾಕ್ ಬ್ಯಾಂಡಿಗೆ ತಂದುಕೊಟ್ಟ. ಆಗ ಆ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದವನೂ ಅವನೇ.

ಬಾರಿಸುತ್ತಿದ್ದ ಅನ್ನುವುದು ಮರ್ಯಾದೆಯ ಮಾತು. ಅವನು ಹಾಡನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ. ಕೊನೆಗೊಂದು ದಿನ ಗಿಟಾರಿನವನು, ಚಡ್ಡಿ ದೋಸ್ತೇ, ಮುಖಕ್ಕೆ ಹೊಡೆದಂತೆ ಹೇಳಿದ: “ನಾವಿನ್ನೂ ಹಾಡಿನ ಮಧ್ಯ ಇರ್ತೀವಿ ಕಣೋ. ನೀನು ಮುಗಿಸಿ, ಮನೆಗೆ ಹೋಗಿ ಕಾಲು ತೊಳ್ಕೊಂಡಿರ್ತೀಯ.” ಪಟಾಕಿ ಕೋಲುಗಳನ್ನು ಎಸೆದು ಎದ್ದು ಬಂದ. ಬ್ರೇಕ್ ಡ್ರಮ್ ಅಲ್ಲೇ ಉಳಿಯಿತು. ಅವನ ಜಾಗಕ್ಕೆ ಬಂದವಳು ಬೇಕರಿಯಲ್ಲಿ ಕೇಕಿಗೆ ಕ್ರೀಮ್ ಹಚ್ಚುವ ಹುಡುಗಿಯಂತೆ. ಕ್ರೀಮ್ ಹಚ್ಚುವ ಕೈ ತನ್ನ ಕಬ್ಬಿಣ ಮುಟ್ಟುತ್ತಿದೆ ಎಂದು ನೆನೆದಾಗಲೆಲ್ಲ ತಟ್ಟೆ ದೂಡಿ ಏಳುತ್ತಿದ್ದ.

ಅಕ್ಕ ಬಸ್ ಕಂಡಕ್ಟರ್. ಇವನೊಬ್ಬನನ್ನೇ ಕಳಿಸಿದರೆ ಡ್ರಮ್ಮಿನ ಬದಲು ಯಾರದಾದರೂ ಹಲ್ಲು ತಂದಾನು ಎಂದು ಅಮ್ಮನಿಗೆ ಹೇಳಿ, ತರಕಾರಿ ಚೀಲ ಹಿಡಿದು ತಾನೂ ಹೊರಟಿದ್ದಳು. ದಾರಿಯುದ್ದಕ್ಕೂ ಇವನು ಬುಸುಗುಟ್ಟಿದ. ತಾನು ಯಾರಿಗೂ ಕಾಯುವವನಲ್ಲ, ಕಾಯುವುದು ಗಂಡಸಿನ ಲಕ್ಷಣವೇ ಅಲ್ಲ ಎಂದ.

“ನಮ್ಮ ಡ್ರೈವರು ನಾನು ರೈಟ್ ಅನ್ನೋವರೆಗೂ ಬಸ್ಸು ಎತ್ತಲ್ಲ,” ಎಂದಳು ಅಕ್ಕ. “ಇಷ್ಟುದ್ದ ಮೀಸೆ ಇದೆ ಅವನಿಗೆ. ಕಾದು ಕಾದು ಒಂದು ಕೂದಲೂ ಉದುರಿಲ್ಲ.”

ಪಬ್ಬಿನ ಬಾಗಿಲು ಕಾಯುವವನು ಚೀಲ ಯಾಕೆ ಎಂದು ಕೇಳಿದ. ಬರುವಾಗ ಖಾಲಿ, ಹೋಗುವಾಗ ಭರ್ತಿ ಎಂದು ಅಕ್ಕ ಗಂಭೀರವಾಗಿ ಹೇಳಿದ್ದಕ್ಕೆ ಅವನು ಬಾಗಿಲು ತೆರೆದೇ ಬಿಟ್ಟ.

ಒಳಗೆ ತಗ್ಗಿನ ಚಾವಣಿ, ಚಪ್ಪಲಿಗೆ ಅಂಟುವ ನೆಲ, ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಮೊದಲನೇ ಬ್ಯಾಂಡು ಆಗಲೇ ಶುರುವಾಗಿತ್ತು. ಹೊಸ ಪ್ಯಾಂಟಿಗಿಂತ ಹೆಚ್ಚು ದುಡ್ಡು ಕೊಟ್ಟು ಹರಿದ ಪ್ಯಾಂಟು ಕೊಂಡ ಹುಡುಗರು ಬಡವರ ಹಸಿವಿನ ಬಗ್ಗೆ ನರ ಉಬ್ಬಿಸಿಕೊಂಡು ಕಿರುಚಿದರು. ಕಿರುಚಿ ಮುಗಿಸಿ, ನೀರು ತಣ್ಣಗಿಲ್ಲ ಎಂದು ಲೋಟ ತಂದವನನ್ನು ಗದರಿಸಿದರು. ಪಟಾಕಿಗೆ ಮೈ ಉರಿಯಿತು. ಆದರೂ ಕಾಲು ತಾಳಕ್ಕೆ ಕುಟ್ಟುತ್ತಿತ್ತು. ಕಾಲಿಗೇನು ಗೊತ್ತು ಪ್ಯಾಂಟಿನ ಬೆಲೆ.

ಅವರು ಇಳಿದರು. ಇನ್ನು ಇವನ ಹಳೇ ಬ್ಯಾಂಡಿನ ಸರದಿ. ವೇದಿಕೆಯ ಮೇಲೆ ವೈರು ಎಳೆಯುವ ಗಡಿಬಿಡಿ. ಇದೇ ಸಮಯ ಎಂದು ಅವನು ನುಗ್ಗಿದ, ಜನ ಜಗ್ಗಲಿಲ್ಲ. ಅಕ್ಕ ಹಿಂದಿನಿಂದ ದಿನವೂ ಹೇಳುವ ಮಾತನ್ನೇ ಹೇಳಿದಳು: “ಒಳಗಡೆ ನಡೀರಿ, ಒಳಗಡೆ ಜಾಗ ಇದೆ.” ಬಿಯರ್ ಲೋಟ ಹಿಡಿದವರೆಲ್ಲ ಬಸ್ಸಿನಲ್ಲಿದ್ದಂತೆ ಸರಿದು ದಾರಿ ಬಿಟ್ಟರು.

ಬ್ರೇಕ್ ಡ್ರಮ್ಮನ್ನು ನೋಡಿ ಅವನ ಕಣ್ಣು ಕೆಂಪಾಯಿತು. ಸರಪಳಿ ಇರಲಿಲ್ಲ. ಸ್ಟ್ಯಾಂಡಿಗೆ ತಗಡು ಬೆಸೆದು, ನಡುವೆ ರಬ್ಬರ್ ಇಟ್ಟು, ಬೋಲ್ಟು ಹಾಕಿ ಬಿಗಿದಿದ್ದರು. ತಾನು ಒಯ್ಯದಿರಲಿ ಎಂದೇ ಹೀಗೆ ಮಾಡಿದ್ದಾರೆ, ಕಳ್ಳರು! ಅವನು ಯಾರನ್ನೂ ಕೇಳದೆ ಸ್ಪ್ಯಾನರ್ ಹಚ್ಚಿದ. ಕೊನೆಯ ಬೋಲ್ಟು ಕಳಚಿತು. ತೂತಿಗೆ ಬೆರಳು ತೂರಿಸಿ ಡ್ರಮ್ಮನ್ನು ಮೇಲೆತ್ತುವಾಗ ಇನ್ನೊಂದು ಕೈಯ ಸ್ಪ್ಯಾನರ್ ಅದಕ್ಕೆ ತಾಗಿತು.

ಡ್ರಮ್ ಮೊಳಗಿತು. ಪಬ್ಬಿನವರೆಲ್ಲ ತಿರುಗಿ ನೋಡಿದರು.

“ಇನ್ನೊಂದ್ಸಲ ಹೊಡಿ,” ಎಂದಿತು ಬೆನ್ನ ಹಿಂದಿನ ದನಿ. ಡ್ರಮ್ಮಿನ ಹುಡುಗಿ. ತೋಳು ನೋಡಿದರೆ ಕ್ರೀಮಿನದಲ್ಲ, ಹಿಟ್ಟು ನಾದುವವಳದು. “ನಾನು ಬಂದಾಗಿಂದ ಇದು ಡಬ್ ಡಬ್ ಅಂತಲೇ ಇತ್ತು. ನನ್ನ ಕೈಯೇ ಸರಿಯಿಲ್ಲ ಅಂದ್ಕೊಂಡಿದ್ದೆ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಪಟಾಕಿ ಮನೆಯಿಂದಲೇ ಹರಿತ ಮಾಡಿಕೊಂಡು ಬಂದಿದ್ದ. ಬೋಲ್ಟು ಬಿಗಿದು ಡ್ರಮ್ಮಿನ ಬಾಯಿ ಕಟ್ಟಿದ್ದರೂ, ಅಂದರೆ ನೆಲವೇ ಡೊಂಕಾಗಿದ್ದರೂ, ಇವಳು ತನ್ನ ಕಾಲನ್ನು ಬೈದುಕೊಂಡಿದ್ದಳು. ಗಾದೆ ತಲೆಕೆಳಗಾಗಿತ್ತು.

ಗಿಟಾರಿನವನು ಬಂದ. ಡ್ರಮ್ ತೂಗಾಡಿ ಮೈಕಿಗೆ ಬಡಿಯುತ್ತಿತ್ತು, ಅದಕ್ಕೇ ಬಿಗಿದೆವು ಎಂದ. ವಸ್ತು ನಿನ್ನದೇ, ಒಯ್ಯಿ, ಅದಿಲ್ಲದೆ ಹೇಗೋ ಹಾಡುತ್ತೇವೆ ಎಂದೂ ಹೇಳಿದ.

“ಅದಿಲ್ಲದೆ ಹಾಡು ಬೋಳು ಬೋಳು,” ಎಂದಳು ಹುಡುಗಿ. ಪಟಾಕಿಯ ಕಡೆ ತಿರುಗಿದಳು. “ನೀನೇ ಹೊಡಿ. ಆದ್ರೆ ನಾನು ಗಲ್ಲ ಎತ್ತಿದಾಗ ಮಾತ್ರ. ಅಲ್ಲೀವರೆಗೂ ಸುಮ್ನೆ ನಿಂತಿರ್ಬೇಕು. ಆಗುತ್ತಾ?”

ರಕ್ತ ತಲೆಗೇರಿತು. ಅವನು ಅಕ್ಕನ ಕಡೆ ನೋಡಿದ. ಅವಳು ಚೀಲದ ಬಾಯಿ ಬಿಡಿಸಿ ಹಿಡಿದಿದ್ದಳು, ಬೇಕಾದರೆ ಹಾಕು ಅನ್ನುವಂತೆ. ಅವನು ಚೀಲ ಕಿತ್ತುಕೊಂಡ. ಅದರ ಹಿಡಿಯನ್ನು ಚರ್ರೆಂದು ಹರಿದ, ತೂತಿನೊಳಗೆ ಪೋಣಿಸಿ ಡ್ರಮ್ಮನ್ನು ಸ್ಟ್ಯಾಂಡಿಗೆ ತೂಗುಹಾಕಿದ. ಮೈಕನ್ನು ಕಾಲಿನಿಂದ ಅತ್ತ ಸರಿಸಿದ.

“ಎತ್ತು, ನೋಡೋಣ,” ಎಂದ.

ಹಾಡು ಶುರುವಾಯಿತು. ಗ್ಯಾರೇಜಿನ ಹಾಡು, ಅರ್ಧ ಸಾಲುಗಳು ಅವನವೇ. ಹುಡುಗಿ ಓಡಲಿಲ್ಲ, ಎಳೆಯಲೂ ಇಲ್ಲ. ನೆಲ ಒಂದೇ ಸಮ ನಡುಗತೊಡಗಿತು. ಸ್ಪ್ಯಾನರ್ ಹಿಡಿದ ಅವನ ಕೈ ಹಗ್ಗ ಬಿಗಿದ ಕರುವಿನಂತೆ ಜಗ್ಗುತ್ತಿತ್ತು. ನಡುವೆ ಎಲ್ಲ ವಾದ್ಯಗಳೂ ಒಮ್ಮೆಲೇ ನಿಂತವು. ಇಲ್ಲೇ ಅವನು ಪ್ರತಿಸಲವೂ ಮೊದಲೇ ಬಡಿದು ಕೆಡಿಸುತ್ತಿದ್ದದ್ದು. ಹುಡುಗಿಯ ಗಲ್ಲ ಎದೆಗೆ ಅಂಟಿತ್ತು. ಜನ ಉಸಿರು ಹಿಡಿದಿದ್ದರು. ಹೊಡಿ ಎಂದಿತು ಕೈ. ಪಟಾಕಿ ಆ ಮೀಸೆಯ ಡ್ರೈವರನ್ನು ನೆನೆದ: ಎಂಜಿನ್ ಗುರುಗುಡುತ್ತಿದೆ, ಕಾಲು ಕ್ಲಚ್ಚಿನ ಮೇಲಿದೆ, ಕೊನೆಯ ಮುದುಕಿ ಇನ್ನೂ ಮೆಟ್ಟಿಲು ಹತ್ತುತ್ತಿದ್ದಾಳೆ. ಹತ್ತಲಿ. ಮೊದಲ ಬಾರಿಗೆ ಅವನಿಗೆ ಆ ಮೌನ ಕೇಳಿಸಿತು, ಅದೂ ತನ್ನ ಸ್ವತ್ತೇ ಅನ್ನಿಸಿತು.

ಗಲ್ಲ ಎದ್ದಿತು. ಅವನು ಹೊಡೆದ.

ಆ ನಾದ ಗೋಡೆಗೆ ಹೋಗಿ ಬಡಿದು ವಾಪಸ್ ಬರುವಷ್ಟರಲ್ಲಿ ಜನ ಹುಯಿಲೆಬ್ಬಿಸಿದ್ದರು. ಹಾಡು ಮುಗಿದಾಗ ಎಲ್ಲರೂ ಒಟ್ಟಿಗೇ ಮುಗಿಸಿದ್ದರು, ಅವನೂ ಸೇರಿ.

ಮುಂದಿನ ವಾರ ಬರುತ್ತೀಯಾ ಎಂದು ಗಿಟಾರಿನವನು ಕೇಳಿದ. ಪಟಾಕಿ ಸ್ಪ್ಯಾನರನ್ನು ಜೇಬಿಗೆ ಇಳಿಸಿದ.

“ಸರಪಳಿ ತರ್ತೀನಿ. ಇನ್ನು ಯಾರಾದ್ರೂ ಬೋಲ್ಟು ಹಾಕಿದ್ರೆ ಕೈ ಮುರೀತೀನಿ.”

ಹಿಡಿಯಿಲ್ಲದ ಖಾಲಿ ಚೀಲವನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡ ಅಕ್ಕ, ಅಮ್ಮನಿಗೆ ಉತ್ತರ ನೀನೇ ಹೇಳಬೇಕು ಎಂದಳು. ಬಾಗಿಲು ತಲುಪಿದ ಮೇಲೂ ಅವನು ದಾಟದೆ ನಿಂತಿರುವುದನ್ನು ಕಂಡು ಅವಳಿಗೆ ನಗು ಬಂತು.

“ರೈಟ್,” ಎಂದಳು.