ಪೆಟ್ಟಿಗೆಯಲ್ಲಿ ಕರೆಂಟು ಇದೆಯೋ ಇಲ್ಲವೋ

ಹಾಸಿಗೆಯ ಪಕ್ಕದ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿಕೊಂಡಿರುವಷ್ಟು ಹೊತ್ತೂ ಕೆರಿಯನಿಗೆ ಒಂದೇ ಯೋಚನೆ. ಒಳಗೆ ಕರೆಂಟು ಹರಿಯುತ್ತಿದೆಯೋ, ಬರೀ ದೀಪವೋ? ಪೆಟ್ಟಿಗೆಯಿಂದ ಹೊರಟ ವಯರು ಅವನ ಸೊಂಟಕ್ಕೆ ಅಂಟಿಸಿದ ಪಟ್ಟಿಯವರೆಗೆ ಬಂದಿತ್ತು. ಹೋದ ಮಳೆಗಾಲದಲ್ಲಿ ಹುಳಿಗೆ ಬಳಸುವ ಉಪ್ಪಾಗೆ ಕಾಯಿ ಕೊಯ್ಯಲು ಮರ ಹತ್ತಿದವನು ಪಾಚಿಗಟ್ಟಿದ ಕೊಂಬೆಯಿಂದ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡಿದ್ದ. ಅಂದಿನಿಂದ ಸೊಂಟದ ಕೆಳಗಿನ ಮೈ ಬೇರೆ ಯಾರದೋ ಎಂಬಂತೆ ಬಿದ್ದುಕೊಂಡಿತ್ತು.

ಹುಬ್ಬಳ್ಳಿಯ ಆಸ್ಪತ್ರೆಯವರು ಕರೆಂಟು ಕೊಟ್ಟರೆ ಕಾಲಿಗೆ ಸ್ಪರ್ಶ ಮರಳುತ್ತದೆಯೋ ಎಂದು ನೋಡುವ ಸಂಶೋಧನೆಗೆ ಸೇರುತ್ತೀಯಾ ಎಂದಾಗ ಒಪ್ಪಿದ್ದ. ಸೇರಿದವರಲ್ಲಿ ಅರ್ಧ ಜನಕ್ಕೆ ನಿಜವಾದ ಪೆಟ್ಟಿಗೆ, ಉಳಿದವರಿಗೆ ದೀಪ ಮಾತ್ರ ಹತ್ತುವಂಥದ್ದು. ಯಾರಿಗೆ ಯಾವುದೆಂದು ಕೊನೆಯವರೆಗೂ ರೋಗಿಗೆ ತಿಳಿಯಬಾರದು, ಮನೆಗೆ ಬಂದು ಪರೀಕ್ಷಿಸುವವರಿಗೂ ತಿಳಿಯಬಾರದು.

ಹಾಗೇ ಇದ್ದುಬಿಡಬಹುದಿತ್ತು. ಆದರೆ ಈಚೆಗೆ ಎಡಗಾಲಿನ ಹೆಬ್ಬೆರಳಿನಲ್ಲಿ ಇರುವೆ ಹರಿದಂತಾಗುತ್ತಿತ್ತು. ಕಂಬಳಿ ಸರಿಸಿದರೆ ಇರುವೆ ಇರುತ್ತಿರಲಿಲ್ಲ. ಹರಿದದ್ದು ಬೆರಳಿನಲ್ಲೋ, ಆಗಲಿ ಆಗಲಿ ಎಂದು ಕಾಯುವ ತಲೆಯಲ್ಲೋ? ಅದೊಂದು ತಿಳಿದರೆ ಸಾಕಿತ್ತು ಅವನಿಗೆ.

ಹೆಂಡತಿ ದ್ಯಾವಮ್ಮನಿಗೆ ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಎಮ್ಮೆ ತಪ್ಪಿಸಿಕೊಂಡರೂ ಬಾವಿ ತೋಡಿಸುವುದಿದ್ದರೂ ಅವರ ಕಡೆಯವರು ಕೇಳುವುದು ಊರದೇವಿ ಚೌಡಮ್ಮನನ್ನೇ. ದೇವಿಯ ಕಲ್ಲಿಗೆ ಅಂಟಿಸಿದ ಹೂವು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಪೆಟ್ಟಿಗೆಯ ಸಂಗತಿಯನ್ನೂ ಕೇಳಿದರಾಯಿತು. ಬೆಳಿಗ್ಗೆ ಮಿಂದು, ಯಾರಿಗೂ ಹೇಳದೆ ಹೋದಳು.

ಅವಳು ತಿರುಗಿ ಬರುವಷ್ಟರಲ್ಲಿ ಆಸ್ಪತ್ರೆಯಿಂದ ಪರೀಕ್ಷೆಗೆ ಬರುವ ದಾಕ್ಷಾಯಿಣಿ ಚಾ ಕುಡಿಯುತ್ತ ಕುಳಿತಿದ್ದಳು. ಬನವಾಸಿ ಕಡೆಯ ಹುಡುಗಿ.

“ಚೌಡಮ್ಮನ ಹತ್ರ ಪೆಟ್ಟಿಗೆ ವಿಚಾರ ಕೇಳ್ಕಂಡು ಬಂದೆ,” ಎಂದಳು ದ್ಯಾವಮ್ಮ ಅಂಗಳದಿಂದಲೇ. “ಹೂ ಬಿತ್ತು ನೋಡಿ...”

“ನಿಲ್ಸು ಮಾರಾಯ್ತಿ,” ಎಂದ ಕೆರಿಯ.

“ಎಂತಕ್ಕೆ? ದಿನಾ ಕರೆಂಟು ಇದ್ಯಾ ಇಲ್ವಾ ಅಂತ ನನ್ನ ತಲೆ ತಿಂದವ್ರು ನೀವೇ ಅಲ್ದಾ?”

“ಯಾವ ಬದಿಗೆ ಬಿತ್ತು ಅಂತ ಹೇಳ್ಬೇಡ. ಬಲಕ್ಕೆ ಅಂದ್ರೆ ಈ ಕಾಲು ಏನೂ ಆಗ್ದೇ ಇದ್ರೂ ಹೌದು ಅನ್ನತ್ತೆ. ಎಡಕ್ಕೆ ಅಂದ್ರೆ ಆಗಿದ್ದೂ ಆಗ್ಲಿಲ್ಲ ಅನ್ನತ್ತೆ. ಆಮೇಲೆ ಕಾಲಿನ ಮಾತು ಯಾವ್ದು, ಚೌಡಮ್ಮನ ಮಾತು ಯಾವ್ದು ಅಂತ ಯಾರ ಹತ್ರ ಕೇಳ್ಲಿ?”

ದಾಕ್ಷಾಯಿಣಿ ಲೋಟ ಕೆಳಗಿಟ್ಟಳು. “ನನ್ನ ಮುಂದನೂ ಹೇಳಬ್ಯಾಡ್ರಿ ಅಕ್ಕಾರ. ನಾನೂ ದೇವ್ರ ಮಾತು ನಂಬಾಕಿ.”

ದ್ಯಾವಮ್ಮ ಬಾಯಿ ಮುಚ್ಚಿದಳು. ಆದರೆ ಮುಖ ಮುಚ್ಚಿಕೊಳ್ಳುವುದು ಅವಳಿಗೆ ಬರುತ್ತಿರಲಿಲ್ಲ. ಕೆರಿಯ ಗೋಡೆಯ ಕಡೆ ತಿರುಗಿಕೊಂಡ. “ನೀನು ಕೊಟ್ಟಿಗೆಗೆ ಹೋಗು. ನಿನ್ನ ಮುಖ ಕಂಡ್ರೆ ಎಲ್ಲಾ ಮುಗೀತು.”

“ಎಮ್ಮೆ ಹತ್ರ ಆದ್ರೂ ಹೇಳ್ಬೌದಾ?”

“ಮೆತ್ತಗೆ ಹೇಳು.”

ಅವಳು ಹೋದ ಮೇಲೆ ದಾಕ್ಷಾಯಿಣಿ ಹತ್ತಿಯ ಎಳೆ ಹೊಸೆದಳು. “ಕಣ್ಣು ಮುಚ್ಚ್ರಿ. ಮುಟ್ಟಿದ್ದು ಗೊತ್ತಾದ್ರ ಹೂಂ ಅನ್ರಿ. ಒಮ್ಮೊಮ್ಮೆ ಮುಟ್ಟದನ ಕೇಳ್ತೀನಿ ಮತ್ತ.”

“ಗೊತ್ತು. ಹೋದ ಸಲ ಹಂಗೆ ಸಿಕ್ಕಿಬಿದ್ದೆ.”

“ಈಗ?”

“ಇಲ್ಲ.”

“ಈಗ?”

ಹೂಂ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಕೆರಿಯ ತಡೆದ. ಕತ್ತಲಲ್ಲಿ ಏಣಿ ಇಳಿಯುವವನ ಹಾಗೆ ಸೊಂಟದಿಂದ ಮೊಣಕಾಲಿಗೆ, ಅಲ್ಲಿಂದ ಹಿಮ್ಮಡಿಗೆ ನಿಧಾನವಾಗಿ ಹುಡುಕುತ್ತ ಇಳಿದ. ಎಲ್ಲೂ ಏನೂ ಸಿಗಲಿಲ್ಲ.

“ಇಲ್ಲ,” ಎಂದ. ಆದರೂ ಹೇಳಿದ್ದು ಕಾಲಿನದೇ ಮಾತು ಎಂಬ ಸಮಾಧಾನ ಒಳಗೆಲ್ಲೋ ಇತ್ತು.

ಮುಂದಿನ ಪ್ರಶ್ನೆ ಬರಲಿಲ್ಲ. ಹುಡುಗಿ ಬರೆದುಕೊಳ್ಳುತ್ತಿರಬೇಕು ಎಂದುಕೊಳ್ಳುವಾಗ ಹೆಬ್ಬೆರಳಿನ ಒಳಬದಿಯಲ್ಲಿ ಏನೋ ಬಂದು ನಿಂತಿತು. ಹರಿಯಲಿಲ್ಲ, ನಿಂತೇ ಇತ್ತು.

“ಎಂತದೋ ಆತು,” ಎಂದ. “ಎಡಗಾಲು, ಹೆಬ್ಬೆರಳು, ಒಳಬದಿ. ನೀವು ಕೇಳ್ಲಿಲ್ಲ.”

“ಕೇಳಿದ್ದಿಲ್ರಿ,” ಎಂದಳು ದಾಕ್ಷಾಯಿಣಿ. ಪೆನ್ನು ಹಾಳೆಯ ಮೇಲೆ ಸರಿಯುವ ಸದ್ದಾಯಿತು. “ಮುಟ್ಟಿದ್ನೋ ಇಲ್ಲೋ ಈಗ ಹೇಳಂಗಿಲ್ಲ. ಕಣ್ಣು ತೆರೀಬ್ಯಾಡ್ರಿ. ಇನ್ನೊಮ್ಮೆ ನೋಡೋಣು.”

ಕೆರಿಯ ರೆಪ್ಪೆಗಳನ್ನು ಇನ್ನಷ್ಟು ಬಿಗಿದು ಮುಚ್ಚಿಕೊಂಡ.