ಸಣ್ಣಮ್ಮನನ್ನು ಎತ್ತಿಕೊಂಡು ಹೊಳೆಗೆ

ಹಾಲು ಹುಳಿಯಾಗುತ್ತಿದೆಯೇನೋ, ವಾಸನೆ ಬಂತು, ಇಲ್ಲ, ಇದು ಕೆಸರಿನದು, ನೆರೆ ಇಳಿದ ಮೇಲೆ ನೈಲಿನ ದಡ ಹೀಗೇ ನಾರುತ್ತದೆ, ತಸೆಮಿ ಹಾಲಿನ ಬೋಗುಣಿಯನ್ನು ತನ್ನ ನೆರಳಿಗೆ ಸರಿಸಿಕೊಂಡಳು, ತೋಳಿನಲ್ಲಿ ಹೊಸ ಹತ್ತಿಬಟ್ಟೆ ಸುತ್ತಿಕೊಂಡ ಸಣ್ಣಮ್ಮ, ಮೊಳದುದ್ದದ ಕರಿಮರದ ಈಸಿಸ್ ತಾಯಿ, ಎರಡು ವರ್ಷ ಜೋಳದ ಹಗೇವಿನೊಳಗೆ ಉಸಿರು ಬಿಗಿಹಿಡಿದು ಕೂತವಳು — ಇನ್ನು ಸ್ವಲ್ಪ ಹೊತ್ತು ತಡಿಯಮ್ಮ, ನಿನ್ನಕ್ಕ ಬರ್ತಾಳೆ — ಅಗೋ ತಿರುವಿನಲ್ಲಿ ಹಾಯಿ, ಅದೇ ದೋಣಿ, ನಡುವೆ ಅದೇ ನೀಲಿ ಪರದೆ, ಅದರ ಹಿಂದೆ ನಡುಗಡ್ಡೆಯ ಗುಡಿಯ ದೊಡ್ಡ ಮೂರ್ತಿ, ದೊಡ್ಡಮ್ಮ, ವರ್ಷಕ್ಕೊಮ್ಮೆ ಅವಳು ನಮ್ಮ ಸೀಮೆಗೆ ಬರಬೇಕು, ಊರೂರಿನ ಸಣ್ಣಮ್ಮಂದಿರು ದಡಕ್ಕಿಳಿದು ಮುಖ ತೋರಿಸಬೇಕು, ಇಬ್ಬರ ನಡುವೆ ನೀರಿಗೆ ಹಾಲೆರೆಯಬೇಕು, ನಮ್ಮನ್ನು ಗೆದ್ದ ರೋಮಿನವರೇ ತಲೆಬಾಗಿ ಬರೆದುಕೊಟ್ಟ ಮಾತು ಅದು, ಮೆರೋವೆಯ ಹಳೇ ದೊರೆಗಳು ಮಣ್ಣಾದ ಮೇಲೂ ಉಳಿದದ್ದು ಅದೊಂದೇ, ಅಜ್ಜಿಯ ಅಜ್ಜಿ ಆ ದೊರೆಗಳ ಆನೆ ಕಂಡಿದ್ದಳಂತೆ, ಈಗ ಅವರ ಗೋರಿಗಳ ಮೇಲೆ ಮೇಕೆ ಮೇಯುತ್ತವೆ, ಈಗಿನ ದೊರೆಯೋ, ರೋಮಿನ ಪಾದ್ರಿಗಳು ಕೊಟ್ಟ ಜರಿಯಂಗಿ ತೊಟ್ಟು ಅವರ ದೇವರ ಹೆಸರಲ್ಲಿ ನೀರಿನಲ್ಲಿ ಮುಳುಗಿ ಎದ್ದ, ಹಿಂದೆಯೇ ಊರೆಲ್ಲ ಮುಳುಗಿತು, ಕುರಿಮಂದೆ, ಪಕ್ಕದ ಮನೆಯ ಮಲೆಯೆ ಕೂಡ, ನಮ್ದಾಯ್ತವ್ವ, ತಲೆ ಒದ್ದೆ ಆಯ್ತು, ಒಣಗ್ತು, ಜೋಳ ಮಾತ್ರ ಅಷ್ಟೇ ಬೆಳೀತು, ನಿಂದ್ಯಾವಾಗ, ಎಂದು ಹಲ್ಲು ಕಿರಿದವಳು, ಈಗ ದಿಬ್ಬದ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾಳೆ, ನಿಲ್ಲಲಿ, ನೋಡಲಿ.

ಡೋಲಿನ ಸದ್ದೇ ಇಲ್ಲವಲ್ಲ, ಪ್ರತಿವರ್ಷ ದೋಣಿ ಕಾಣುವ ಮೊದಲೇ ಡೋಲು ಕೇಳುತ್ತಿತ್ತು, ಕಾಲ ಕೆಟ್ಟಿದೆ, ಸದ್ದಿಲ್ಲದೆ ತರುತ್ತಿರಬೇಕು, ತಮ್ಮ ಜಾಣ, ಅಬ್ರತ, ಚುಕ್ಕಾಣಿಯ ಹತ್ತಿರ ನಿಂತಿರುವವನು ಅವನೇ, ಎಡಹೆಗಲು ತಗ್ಗಿಸಿ ನಿಲ್ಲುವುದು ಅವನೊಬ್ಬನೇ, ಅವ್ವ ಸತ್ತಾಗ ಒಂಬತ್ತು ತಿಂಗಳ ಕೂಸು, ತನ್ನ ಮಗಳ ಜೊತೆಗೆ ತನ್ನದೇ ಎದೆಯಲ್ಲಿ ಹಾಲು ಕುಡಿದವನು, ಮೊನ್ನೆ ಬಂದು ಜೋಳದ ರೊಟ್ಟಿ ಮುರಿಯುತ್ತ ಹೇಳಿದ, ಅಕ್ಕ, ಈ ಸಲ ದೊಡ್ಡಮ್ಮ ಬರ್ತಾಳೆ ಕಣೆ, ನಾನೇ ಕರ್ಕೊಂಡ್ ಬರ್ತೀನಿ, ಸಣ್ಣಮ್ಮನ್ನ ದಡಕ್ಕೆ ಎತ್ಕೊಂಡ್ ಬಾ, ಅವಳು ಕಣ್ಣು ಕಿರಿದು ಮಾಡಿ ಕೇಳಿದಳು, ಎಲ್ಲಿಟ್ಟಿದೀನಿ ಅಂತ ತಿಳ್ಕೋಬೇಕಿತ್ತಾ ನಿಂಗೆ, ಅವನು ನಕ್ಕ, ನಾನೆಲ್ಲಿ ಕೇಳ್ದೆ, ಹೇಳ್ಬೇಡ ಬಿಡು — ಕೇಳಲಿಲ್ಲ, ನಿಜವಾಗಿ ಕೇಳಲಿಲ್ಲ, ದೊರೆಯ ಆಳುಗಳು ಮೂರು ಸಲ ಮನೆ ಅಗೆದು ಕೇಳಿದ್ದನ್ನು ಒಡಹುಟ್ಟಿದವನು ಕೇಳಲಿಲ್ಲ ಎಂದೇ ಅವಳ ಎದೆ ತಣ್ಣಗಾಗಿತ್ತು, ರಾತ್ರಿಯೆಲ್ಲ ಕೂತು ಬಟ್ಟೆಯ ಅಂಚು ನೇಯ್ದು ಮುಗಿಸಿದ್ದಳು.

ದೋಣಿ ದಡಕ್ಕೆ ತಾಗಿತು, ತಸೆಮಿ ಹಾಲೆರೆದಳು, ಪರದೆ ಸರಿಯುವ ಮೊದಲೇ ಎರೆಯಬೇಕು, ಬಿಳುಪು ನೀರಿನಲ್ಲಿ ಎಳೆಯೆಳೆಯಾಗಿ ಬಿಚ್ಚಿಕೊಂಡಿತು, ಪರದೆ ಸರಿಯಿತು, ಒಳಗಿಂದ ಕಪ್ಪುಗಡ್ಡದ ಪಾದ್ರಿ ಬಗ್ಗಿ ಹೊರಬಂದ, ಅವನ ಹಿಂದೆ ಈಟಿ ಹಿಡಿದ ಇಬ್ಬರು, ಅವರ ಹಿಂದೆ ಯಾರೂ ಇಲ್ಲ, ಪೀಠ ಖಾಲಿ, ದೊಡ್ಡಮ್ಮ ಎಲ್ಲೋ, ಎಂದು ಕೂಗಿದಳು, ಅಬ್ರತ ಮೊಣಕಾಲುದ್ದದ ನೀರಿಗಿಳಿದು ಬರುತ್ತಿದ್ದ, ಅವನ ಕಣ್ಣು ಅವಳ ಪಾದದ ಮೇಲಿತ್ತು, ಇಲ್ಲ ಅಕ್ಕ, ಗುಡಿ ಮುಚ್ಚಿದ್ರು, ಅವಳನ್ನ ಸಮುದ್ರದಾಚೆ ಹೊತ್ಕೊಂಡ್ ಹೋದ್ರು, ನಿನ್ನ ಮನೆ ಸುಡ್ತೀವಿ ಅಂತಿದ್ರು ಇವ್ರು, ಸುಡ್ಬೇಡಿ, ಅವಳೇ ತಂದ್ಕೊಡ್ತಾಳೆ ಅಂದೆ, ಕೊಡು — ಅವಳೇ ತಂದ್ಕೊಡ್ತಾಳೆ, ಹೌದು, ತಂದಳು, ಹೊಸ ಬಟ್ಟೆ ಉಡಿಸಿ ತಂದಳು, ಅದಕ್ಕೇ ಕೇಳಲಿಲ್ಲ, ಕೇಳುವ ಅಗತ್ಯವೇ ಇರಲಿಲ್ಲ, ನನ್ನ ಭಕ್ತಿಯ ಅಳತೆ ಇವನಿಗೆ ಗೊತ್ತಿತ್ತು, ಅದನ್ನೇ ಗಾಳ ಮಾಡಿದ, ಮನೆ ಸುಟ್ಟರೆ ಸುಡಲಿ ಅನ್ನುತ್ತಿದ್ದೆನಲ್ಲೋ, ಪಾಪಿ, ನನ್ನನ್ನು ಒಂದು ಮಾತು ಕೇಳಿದ್ದರೆ — ಅವನು ಕೈ ಚಾಚಿದ, ಬರಿಗೈ, ಬಟ್ಟೆ ಸುತ್ತಿಕೊಳ್ಳದೆ ತಾಯಿಯನ್ನು ಮುಟ್ಟಿದವರ ಕೈ ಮಣಿಕಟ್ಟಿನಿಂದ ಕಳಚಿ ಬೀಳುತ್ತದೆ ಎಂದು ಅವನಿಗೆ ಕಲಿಸಿದವಳು ತಾನೇ, ಪ್ರತಿವರ್ಷ ಆ ಕೈಗಳಿಗೆ ಬಟ್ಟೆ ಸುತ್ತಿ ಗಂಟು ಹಾಕಿದವಳೂ ತಾನೇ, ಈಗ ಬರಿಗೈ, ಅವಳು ಹಿಂದೆ ಸರಿದಳು, ಬೇಡ್ವೋ, ಮುಟ್ಬೇಡ, ಕೈ ಹೋಗ್ತದೆ, ಎಂದಳು, ಇಷ್ಟಾದ ಮೇಲೂ ಅವನ ಕೈಗೆ ಮರುಗಿದ ತನ್ನ ನಾಲಿಗೆಗೆ ಬೆಂಕಿ ಬೀಳಲಿ, ಅಷ್ಟರಲ್ಲಿ ಆ ಬರಿಗೈಗಳು ಸಣ್ಣಮ್ಮನ ಸೊಂಟ ಹಿಡಿದು ಎಳೆದುಕೊಂಡವು, ಬಟ್ಟೆ ಇವಳ ತೋಳಲ್ಲೇ ಉಳಿಯಿತು, ಅವಳು ಕಾದಳು, ಬೀಳಬಾರದು ಎಂದು ಕಾದಳು, ತಾಯೀ, ಒಂದು ಬೆರಳಾದರೂ ಬೀಳಲಿ ಎಂದು ಕಾದಳು, ಅವನು ದೋಣಿ ಹತ್ತಿದ, ಪಾದ್ರಿಗೆ ಕೊಟ್ಟ, ಒದ್ದೆ ಕೈಯನ್ನು ತೊಡೆಗೆ ಒರೆಸಿಕೊಂಡ, ಚುಕ್ಕಾಣಿಗೆ ಇಟ್ಟ, ಬರಿಗೈ, ಹತ್ತು ಬೆರಳು, ಹತ್ತೂ ಇವೆ, ಬರಿಗೈ, ಹತ್ತೂ